ಲಾಯರಮ್ಮ ಕಂಡಿದ್ದು ಕಲ್ಲಿನ ತನಕ

ನಮ್ಮ ಲಾಯರಮ್ಮ ಶಾಸಕಿಯಾದ ಹೊಸದರಲ್ಲಿ ಅವರನ್ನು ಮೊಟ್ಟಮೊದಲು ನಗೆಪಾಟಲು ಮಾಡಿದವನು ವಿರೋಧ ಪಕ್ಷದವನಲ್ಲ, ನಾನು. ದೊಡ್ಡಬಳ್ಳಾಪುರದ ಕೋರ್ಟಿನ ಎದುರು ಅವರ ಆಫೀಸಿನಲ್ಲಿ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದವನು. ವಿಧಾನಸಭೆಯಲ್ಲಿ ಕೇಳೋದಕ್ಕೆ ಒಂದು ಪ್ರಶ್ನೆ ಟೈಪು ಮಾಡಿ ಕಳಿಸಿ ಅಂದರು. ನನ್ನ ಬೆರಳಿಗೆ ಗೊತ್ತಿದ್ದದ್ದು ಒಂದೇ ನಮೂನೆ. ತೂಬಗೆರೆ ಕಡೆಯ ಹಾಸ್ಟೆಲಿನ ನೀರಿನ ವಿಷಯವನ್ನೆಲ್ಲ ಒಪ್ಪವಾಗಿ ಬರೆದು, ಕೊನೆಗೆ ರೂಢಿಯಂತೆ, 'ಆದಕಾರಣ ಮಾನ್ಯ ನ್ಯಾಯಾಲಯವು ತನಗೆ ಸೂಕ್ತವೆಂದು ಕಂಡ ಇತರೆ ಪರಿಹಾರವನ್ನೂ ದಯಪಾಲಿಸಬೇಕೆಂದು ಪ್ರಾರ್ಥನೆ' ಎಂದು ಸೇರಿಸಿ ಕಳಿಸಿಬಿಟ್ಟೆ. ಮಾರನೆಯ ದಿನ ಬೆಂಗಳೂರಿನ ವಿಧಾನಸಭೆ ಕಚೇರಿಯಿಂದ ಫೋನು. "ಏನ್ ಸ್ವಾಮಿ, ಸರ್ಕಾರದ ಮೇಲೆ ದಾವೆ ಹಾಕಿದ್ದೀರೋ, ಪ್ರಶ್ನೆ ಕೇಳಿದ್ದೀರೋ?"

ಬೈಸಿಕೊಳ್ಳೋದಕ್ಕೆ ತಯಾರಾಗಿ ನಿಂತಿದ್ದೆ. ಲಾಯರಮ್ಮ ನಕ್ಕರು. "ಬಿಡಿ ಗುಮಾಸ್ತರೇ, ನಾನೇನು ಕಮ್ಮೀನಾ? ಮಂತ್ರಿಗಳು 'ಪರಿಶೀಲಿಸಲಾಗುವುದು' ಅಂದ್ರು. 'ಹೌದೋ ಅಲ್ವೋ, ಅಷ್ಟು ಹೇಳಿ' ಅಂದ್ಬಿಟ್ಟೆ. ಸಭಾಧ್ಯಕ್ಷರು, 'ಅಮ್ಮಾ, ಇದು ಕಟಕಟೆ ಅಲ್ಲ' ಅಂದ್ರು. ಇಡೀ ಸದನ ನಗ್ತು."

ಅವರು ಹೆಸರು ಮಾಡಿದ್ದು ದೊಡ್ಡ ಕಕ್ಷಿದಾರರಿಂದಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟರು ಅಂತ ಬಂದವರು, ಮಗನನ್ನು ಠಾಣೆಗೆ ಕರೆದುಕೊಂಡು ಹೋಗಿ ಮೂರು ದಿನವಾಯಿತು, ಯಾವ ಕಾಗದವೂ ಇಲ್ಲ ಅಂತ ಅಳುತ್ತಾ ಬಂದವರು, ದಾಬಸ್‌ಪೇಟೆಯ ಕಾರ್ಖಾನೆ ಗೇಟಿನಿಂದ ಹೊರಕ್ಕೆ ತಳ್ಳಿಸಿಕೊಂಡ ಗುತ್ತಿಗೆ ಹೆಂಗಸರು, ಇಂಥವರೇ ನಮ್ಮ ಬೆಂಚು ತುಂಬುತ್ತಿದ್ದರು. ಲಾಯರಮ್ಮನದು ಒಂದು ಪದ್ಧತಿ ಇತ್ತು. ಅರ್ಜಿ ಸಿದ್ಧವಾದ ಮೇಲೆ ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದೋರು. 'ಹೌದು, ಇದು ನನ್ ಮಾತೇ' ಅಂತ ಅವರ ಬಾಯಲ್ಲಿ ಬಂದ ಮೇಲೇ ಹೆಬ್ಬೆಟ್ಟೋ ಸಹಿಯೋ. ಯಾವ ಸಾಲಿನಲ್ಲಿ ಕಕ್ಷಿದಾರರು ಹುಬ್ಬು ಗಂಟಿಕ್ಕುತ್ತಾರೋ ಆ ಸಾಲು ಹೋಯಿತು ಅಂತಲೇ ಲೆಕ್ಕ. ಎಷ್ಟು ಸಲ ನಾನು ಟೈಪು ಮಾಡಿದ ಚೆಂದದ ವಾಕ್ಯಗಳು ಹೀಗೆ ಕಸದ ಬುಟ್ಟಿ ಸೇರಿವೆಯೋ! ಮನೆಯಲ್ಲಿ ಹೆಂಡತಿ ಹತ್ತಿರ ಗೊಣಗಿದರೆ, "ಅವರ ಕಷ್ಟ ಅವರ ಬಾಯಲ್ಲೇ ಬರಲಿ ಬಿಡ್ರೀ, ನಿಮ್ಮ ಒಗ್ಗರಣೆ ಯಾಕೆ?" ಅನ್ನೋಳು.

ಇಷ್ಟು ಕೇಸುಗಳಲ್ಲಿ ಒಂದು ಕೇಸು ಮಾತ್ರ ನಮ್ಮ ಬೀರುವಿನಿಂದ ಇಳಿಯಲೇ ಇಲ್ಲ. ತೂಬಗೆರೆ ಹೋಬಳಿಯ ಒಂದು ಊರು. ಊರಾಚೆ ಕಾಲೊನಿ. ಕಾಲೊನಿಯವರ ಸ್ಮಶಾನ ಕೆರೆಯ ಹಿಂದೆ. ಅಲ್ಲಿಗೆ ಹೋಗುವ ಕಾಲುದಾರಿ ಊರಿನ ದೊಡ್ಡ ಮನೆತನವೊಂದರ ಹೊಲದ ನಡುವೆ ಹಾದುಹೋಗುತ್ತಿತ್ತು. ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಯಾರೂ ತಕರಾರು ಮಾಡಿರಲಿಲ್ಲ. ಆ ಮನೆಯವರು ಪಾಲಿಹೌಸು ಹಾಕಿ ಗುಲಾಬಿ ಬೆಳೆಯೋಕೆ ಶುರು ಮಾಡಿದಾಗ ಸುತ್ತ ಮುಳ್ಳುತಂತಿ ಎದ್ದಿತು, ದಾರಿ ಒಳಗೆ ಸೇರಿಹೋಯಿತು. ನಕ್ಷೆಯಲ್ಲಿ ಆ ದಾರಿ ಇರಲಿಲ್ಲ. "ದಾರಿ ಯಾವತ್ತೂ ಇರಲೇ ಇಲ್ಲ" ಅಂತ ಅವರ ಜವಾಬು. ಅಂದಿನಿಂದ ಯಾರಾದರೂ ತೀರಿಕೊಂಡರೆ ಮುಖ್ಯರಸ್ತೆಗೆ ಹೋಗಿ, ಕೆರೆ ಏರಿ ಸುತ್ತಿ, ಗೂಡ್ಸ್ ಆಟೊದಲ್ಲಿ ಹೆಣ ಸಾಗಿಸಬೇಕು.

ಈ ದಾವೆ ಹಾಕಿದವಳು ಕಾಲೊನಿಯ ಒಬ್ಬ ಅಜ್ಜಿ. ಅವಳ ಗಂಡ ಆ ಊರಿನ ನೀರಗಂಟಿ, ಅಂದರೆ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನು. ಬೇಲಿ ಏಳುವುದಕ್ಕೆ ಎಷ್ಟೋ ವರ್ಷ ಮೊದಲೇ ತೀರಿಕೊಂಡು ಅದೇ ಸ್ಮಶಾನದಲ್ಲಿ ಮಲಗಿದ್ದ. ಅಜ್ಜಿಯ ಹಟ ಒಂದೇ. "ನನ್ ಗಂಡ ಹೋದ ದಾರೀಲಿ ನಾಲ್ಕು ಜನದ ಹೆಗಲ ಮ್ಯಾಲೆ ನಾನೂ ಹೋಗ್ಬೇಕು. ಆಲೂಗಡ್ಡೆ ಮೂಟೆ ತರ ಆಟೊದಾಗೆ ಹೋಗಾಕಿಲ್ಲ ನಾನು." ಮೊದಲ ದಿನ ಇದನ್ನು ಕೇಳಿದಾಗಲೇ ಅವಳಿಗೆ ಎಪ್ಪತ್ತರ ಮೇಲಿತ್ತು. ದಾವೆ ನಡೆಯುತ್ತಾ ನಡೆಯುತ್ತಾ ಎಂಬತ್ತು ದಾಟಿತು. ಪ್ರತಿ ವಾಯಿದೆಗೂ ಬೆಳಗಿನ ಬಸ್ಸು ಹತ್ತಿ ಬರುವಳು. ಎಲೆಯಡಿಕೆ ಹಾಕಿಕೊಂಡು ನಮ್ಮ ಜಗುಲಿಯ ಮೇಲೆ ಕೂತು, "ಏನಪ್ಪಾ ಗುಮಾಸ್ತ, ನಾನು ಸಾಯದೇ ಇರಾಕೆ ನಿಮ್ ಕೋರ್ಟೇ ಕಾರಣ ಕಣಪ್ಪ. ವಾಯಿದೆ ಮ್ಯಾಲೆ ವಾಯಿದೆ ಕೊಟ್ಟು ಜೀವ ಹಿಡ್ದಿಟ್ಟವ್ರೆ" ಅನ್ನುವಳು.

ನಮ್ಮ ಕೇಸಿನಲ್ಲಿದ್ದ ಕೊರತೆ ಒಂದೇ, ಹೊರಗಿನ ಸಾಕ್ಷಿ. ಕಾಲೊನಿಯ ಗಂಡಸರು ಸಾಕ್ಷಿ ಹೇಳಿದರು. ಹೊಲದ ನಡುವೆ ಚಟ್ಟ ಇಳಿಸೋ ಕಲ್ಲು ಇದೆ, ಅಲ್ಲಿ ಹೆಣ ಇಳಿಸಿ, ತಲೆಯ ಕಡೆ ಹೊತ್ತವರು ಕಾಲಿನ ಕಡೆಗೆ, ಕಾಲಿನ ಕಡೆಯವರು ತಲೆಯ ಕಡೆಗೆ ಹೆಗಲು ಬದಲಿಸಿ ಮುಂದಕ್ಕೆ ಹೋಗುತ್ತಿದ್ದೆವು ಅಂದರು. ಎದುರು ವಕೀಲರು, "ಇವರದೇ ಕೇಸು, ಇವರದೇ ಸಾಕ್ಷಿ. ಕಲ್ಲು ಯಾವ ಹೊಲದಲ್ಲಿ ಇರಲ್ಲ?" ಅಂತ ತಳ್ಳಿಹಾಕಿದರು. ಊರೊಳಗಿನ ಹಿರಿಯರಿಗೆ ಎಲ್ಲ ಗೊತ್ತು, ಬಾಯಿ ಬಿಡೋರಿಲ್ಲ. ಲಾಯರಮ್ಮನೂ ನಾನೂ ಎಷ್ಟು ಮನೆ ಬಾಗಿಲಿಗೆ ಹೋದೆವು! ಮಜ್ಜಿಗೆ ಕೊಟ್ಟು ಕಳಿಸಿದರು. ಒಬ್ಬರಂತೂ, "ದಾರಿ ಇದ್ದದ್ದು ನಿಜಾನೇ ಕಣಮ್ಮ, ಆದ್ರೆ ನಾನು ಹೇಳಿದೆ ಅಂತ ಹೇಳ್ಬೇಡಿ" ಅಂದರು. ಸಾಕ್ಷಿಗೆ ಬೇಕಾದ್ದು ಆ 'ನಾನು ಹೇಳಿದೆ' ಅನ್ನೋದೊಂದೇ ಆಗಿತ್ತು.

ಹೀಗಿರುವಾಗ ಚುನಾವಣೆ ಬಂತು. ಯಾರೋ ಲಾಯರಮ್ಮನನ್ನು ಹಿಡಿದು ನಿಲ್ಲಿಸಿದರು, ಯಾರೂ ನೆಚ್ಚಿರಲಿಲ್ಲ, ಗೆದ್ದುಬಿಟ್ಟರು. ಕಾಲೊನಿಗಳೆಲ್ಲ ಓಟು ಕೊಟ್ಟವು, ಅದು ಗೊತ್ತಿದ್ದದ್ದೇ. ಆದರೆ ಊರಿನ ದೊಡ್ಡ ಮನೆಗಳೂ ಕೊಟ್ಟವು. ಗುಲಾಬಿ ತೋಟದ ಯಜಮಾನರೇ ಮುಂದೆ ನಿಂತು, "ನಮ್ಮೂರ ಮೇಷ್ಟ್ರ ಮಗಳು ಕಣ್ರಲಾ, ಲಂಚ ಮುಟ್ಟದ ಹೆಣ್ಣು" ಅಂತ ಹೇಳಿಕೊಂಡು ಓಡಾಡಿದ್ದರು. ಲಾಯರಮ್ಮನ ತಂದೆ ಅದೇ ಊರಿನ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಕೇಸಿನ ಎದುರು ಪಾರ್ಟಿಯೇ ನಮ್ಮ ಪರ ಪ್ರಚಾರಕ್ಕೆ ಇಳಿದ ವಿಚಿತ್ರ ನಾನು ನೋಡಿದ್ದು ಅದೊಂದೇ ಸಲ.

ಗೆದ್ದ ಹದಿನೈದು ದಿನಕ್ಕೆ ಲಾಯರಮ್ಮ ಫೈಲುಗಳನ್ನೆಲ್ಲ ಕೆಳಗಿಳಿಸಿದರು. ವಕಾಲತ್ತು ವಾಪಸು ಮಾಡ್ತೀನಿ ಅಂದರು. ಶಾಸಕರು ವಕೀಲಿಕೆ ಮಾಡಬಾರದು ಅಂತೇನೂ ಇಲ್ಲವಲ್ಲ ಮೇಡಮ್, ಅಂದೆ.

"ಇಲ್ಲ. ಆದ್ರೆ ಬೆಳಗ್ಗೆ ತಹಸೀಲ್ದಾರ್ರನ್ನ ನನ್ನ ಸಭೇಲಿ ಕೂರಿಸ್ಕೊಂಡು ಕಾಫಿ ಕುಡ್ದು, ಮಧ್ಯಾಹ್ನ ಅವರ ಮೇಲೇ ವಾದ ಮಾಡೋದು ಹೇಗೆ? ಜಡ್ಜ್ ಸಾಹೇಬ್ರಿಗೂ ಮುಜುಗರ, ನನಗೂ ಮುಜುಗರ."

ಒಬ್ಬೊಬ್ಬರನ್ನೇ ಕರೆದು, ಬೇರೆ ವಕೀಲರಿಗೆ ಒಪ್ಪಿಸಿ, ಕೈಮುಗಿದು ಕಳಿಸಿದರು. ಎಲ್ಲರೂ ಒಪ್ಪಿದರು, ಅಜ್ಜಿ ಒಪ್ಪಲಿಲ್ಲ. ಅವಳ ಕೇಸು ಕೊಟ್ಟಿದ್ದು ಎದುರು ಬೀದಿಯ ಒಬ್ಬ ಕನ್ನಡಕದ ವಕೀಲರಿಗೆ. ಒಳ್ಳೆಯವರು, ಓದಿಕೊಂಡವರು, ಆದರೆ ದನಿ ಬಹಳ ಮೆತ್ತಗೆ. ಅಜ್ಜಿ ಅವರ ಮುಂದೆಯೇ ಅಂದಳು, "ಈಯಪ್ಪ ಮಾತಾಡೋದು ಪಕ್ಕದಾಗೆ ಕುಂತಿರೋ ನನಗೇ ಕೇಳಾಕಿಲ್ಲ, ಅಷ್ಟೆತ್ತರ ಕುಂತಿರೋ ಜಡ್ಜಪ್ಪಂಗೆ ಕೇಳ್ತದಾ?" ಆಮೇಲೆ ಲಾಯರಮ್ಮನ ಕಡೆ ತಿರುಗಿದಳು. "ನಿಮಗೆ ಓಟು ಹಾಕಿದ್ದು ನಮ್ ವಕೀಲರನ್ನ ಕಳ್ಕೊಳಾಕಾ? ಇದು ಗೊತ್ತಿದ್ದಿದ್ರೆ ಆಯಪ್ಪನಿಗೆ ಒತ್ತಿರೋಳು, ಆ ಇನ್ನೊಬ್ಬನಿಗೆ."

ಲಾಯರಮ್ಮ ತಲೆ ತಗ್ಗಿಸಿ ಕೂತಿದ್ದರು.

"ಹೋಗ್ಲಿ, ಈಗ ಎಮ್ಮೆಲ್ಲೆ ಆಗಿದ್ದೀರಲ್ಲ, ಒಂದು ಫೋನ್ ಹೊಡುದ್ರೆ ಬೇಲಿ ಕೀಳಾಕಿಲ್ವಾ?"

"ನಾನು ಫೋನಲ್ಲಿ ಕೀಳಿಸಿದ ಬೇಲೀನ ನಾಳೆ ಇನ್ನೊಬ್ಬ ಫೋನಲ್ಲೇ ನೆಡಿಸ್ತಾನೆ ಅಜ್ಜಿ. ಕೋರ್ಟು ಕೊಟ್ಟ ದಾರಿ ಹಾಗಲ್ಲ. ಸಾಕ್ಷಿ ಒಂದು ಸಿಕ್ಕಿದ್ರೆ ಸಾಕು."

"ಸಾಕ್ಷಿ ಸಾಕ್ಷಿ ಅಂತ ಊರೂರು ತಿರುಗಿದ್ರಲ್ಲವ್ವ" ಎಂದು ಅಜ್ಜಿ ಎಲೆಯ ರಸ ಉಗಿದು ಬಂದು ಹೇಳಿದಳು. "ನಮ್ ಯಜಮಾನ ಸತ್ತ ದಿವ್ಸ ನಿಮ್ಮಪ್ಪಾರ ಜೊತೆ ನೀವೇ ಬಂದಿರಲಿಲ್ವಾ? ಕಲ್ಲಿನ ಹತ್ರ ನನ್ ಪಕ್ಕದಾಗೇ ನಿಂತಿದ್ರಿ. ಕರಿಕೋಟು ವಾಪಸ್ ಕೊಟ್ರಿ, ಸರಿ. ಕಣ್ಣೇನೂ ವಾಪಸ್ ಕೊಟ್ಟಿಲ್ವಲ್ಲ?"

ನಾನು ಲಾಯರಮ್ಮನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಒಂದು ಕೇಸಿನಲ್ಲಿ ವಕೀಲರಾದವರು ಅದೇ ಕೇಸಿನಲ್ಲಿ ಸಾಕ್ಷಿ ಹೇಳುವಂತಿಲ್ಲ. ಇದು ನಮ್ಮ ಕಸುಬಿನ ಮೊದಲ ಪಾಠ. ಆ ಪಾಠ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಇಷ್ಟು ವರ್ಷ ಹೊರಗಿನ ಸಾಕ್ಷಿಗೆ ಅಲೆದ ನಮಗೆ ಆ ಸಾಕ್ಷಿ ನಮ್ಮ ಮೇಜಿನ ಹಿಂದೆಯೇ ಕೂತಿದ್ದಾರೆ ಅನ್ನೋದು ಹೊಳೆದೇ ಇರಲಿಲ್ಲ. ಲಾಯರಮ್ಮ ಎಳೆ ಹುಡುಗಿಯಾಗಿದ್ದಾಗ ಕೆರೆ ಕೋಡಿ ಬಿದ್ದ ದಿನಗಳಲ್ಲಿ ಆ ನೀರಗಂಟಿಯೇ ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸುತ್ತಿದ್ದನಂತೆ. ಅವನು ಹೋದಾಗ ಅವರು ಕಾಲೇಜಿಗೆ ಸೇರಿದ್ದರು. ತಂದೆ, "ಬಾ, ನಿನ್ನ ಹೊತ್ತವನು ಹೋಗ್ತಿದ್ದಾನೆ" ಅಂತ ಕರೆದುಕೊಂಡು ಹೋಗಿದ್ದರಂತೆ. ಈಗ ವಕಾಲತ್ತು ಬಿಟ್ಟಾಗಿತ್ತು. ಕಟಕಟೆಯ ಬಾಗಿಲು ತೆರೆದಿತ್ತು.

ಸಾಕ್ಷಿಯ ಪ್ರಮಾಣಪತ್ರ ಟೈಪು ಮಾಡುವ ಕೆಲಸ ನನ್ನದೇ ಆಯಿತು. ದಾವೆಯ ಅರ್ಜಿ ಪಕ್ಕದಲ್ಲಿಟ್ಟುಕೊಂಡು, 'ಕಾಲೊನಿಯಿಂದ ಸ್ಮಶಾನದವರೆಗೆ ಇರುವ ದಾರಿಯನ್ನು ನಾನು ಕಣ್ಣಾರೆ ಕಂಡಿರುತ್ತೇನೆ' ಎಂದು ಹೊಡೆದೆ. ಲಾಯರಮ್ಮ ಎಂದಿನಂತೆ ಗಟ್ಟಿಯಾಗಿ ಓದಿಕೊಂಡರು. ಈ ಸಲ ಕಕ್ಷಿದಾರರ ಜಾಗದಲ್ಲಿ ಅವರೇ. ಆ ಸಾಲಿಗೆ ಬಂದು ನಿಂತರು.

"ಸ್ಮಶಾನದವರೆಗೆ ನಾನು ಹೋಗಿಲ್ಲ."

"ಮೇಡಮ್, ಹೆಚ್ಚುಕಮ್ಮಿ ಅದೇ ತಾನೇ? ಕಲ್ಲಿಂದ ಸ್ಮಶಾನ ಕಾಣುತ್ತೆ."

"ಆ ಊರಲ್ಲಿ ಹೆಂಗಸರು ಕಲ್ಲಿನ ತನಕ ಬಂದು ಹಿಂದಕ್ಕೆ ತಿರುಗ್ತಾರೆ. ನಾನೂ ಅಲ್ಲಿಂದಲೇ ತಿರುಗಿದೆ. ಕಲ್ಲಿನ ತನಕ ಅಂತ ಮಾಡಿ."

ಕನ್ನಡಕದ ವಕೀಲರು ಮೆತ್ತಗೆ, "ಅರ್ಧ ದಾರಿಗೆ ಸಾಕ್ಷಿ ಕೊಟ್ರೆ ಅರ್ಧ ಕೇಸು ಹೋಗುತ್ತಮ್ಮಾ" ಅಂದರು. ನನಗೂ ಹಾಗೇ ಅನ್ನಿಸಿತ್ತು. ಎಂಬತ್ತು ದಾಟಿದ ಜೀವ ಕಾದು ಕೂತಿದೆ, ಒಂದು ಪದ ಹೆಚ್ಚಿಗೆ ಇದ್ದರೆ ಇವರ ಗಂಟೇನು ಹೋಗುತ್ತೆ, ಎಂದು ಒಳಗೊಳಗೇ ಕುದಿದೆ. ಅವರು ಕದಲಲಿಲ್ಲ. 'ಸ್ಮಶಾನದವರೆಗೆ' ಹೋಗಿ 'ಕಲ್ಲಿನವರೆಗೆ' ಬಂತು.

ವಿಷಯ ಊರಿಗೆ ಮುಟ್ಟಲು ಎರಡು ದಿನ ಬೇಕಾಗಲಿಲ್ಲ. ಗುಲಾಬಿ ತೋಟದ ಯಜಮಾನರು ಶಾಸಕರ ಕಚೇರಿಗೇ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ಕೊಟ್ಟ ಕಾಫಿ ಮುಟ್ಟಲಿಲ್ಲ.

"ಏನಮ್ಮಾ, ನಿನಗೋಸ್ಕರ ಬಿಸಿಲಲ್ಲಿ ಮನೆಮನೆ ಸುತ್ತಿದೋನು ನಾನು. ನನ್ನ ಮನೆತನ ಸುಳ್ಳು ಅಂತ ಪ್ರಮಾಣ ಮಾಡೋಕೆ ಹೊರಟಿದ್ದೀಯಂತೆ?"

"ನಾನು ಕಂಡಿದ್ದನ್ನ ಹೇಳ್ತೀನಿ ಯಜಮಾನ್ರೇ. ಅಷ್ಟೇ."

"ಬೇರೆ ಕಡೆ ಜಾಗ ಕೊಡ್ತೀನಿ ಕಣಮ್ಮ, ರಸ್ತೆ ಪಕ್ಕಕ್ಕೇ. ಹೊಸ ಸ್ಮಶಾನ ಮಾಡ್ಕೊಳ್ಳಲಿ."

"ಕೊಡಿ, ದೊಡ್ಡ ಮನಸ್ಸು. ಅಜ್ಜಿ ಗಂಡನ್ನ ಎಬ್ಬಿಸಿ ಅಲ್ಲಿಗೆ ಕರ್ಕೊಂಡು ಬರೋರು ಯಾರು?"

ಅವರು ಎದ್ದರು. ಬಾಗಿಲ ಹತ್ತಿರ ನಿಂತು, "ಮುಂದಿನ ಸಲ ನಮ್ಮೂರಿಗೆ ಓಟು ಕೇಳೋಕೆ ಬರ್ತೀಯಲ್ಲ, ಆಗ ಸಿಗೋಣ" ಅಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಅವರು ಹೋದ ಮೇಲೆ ಲಾಯರಮ್ಮ ಆ ಕಾಫಿ ಲೋಟವನ್ನು ತಾವೇ ಎತ್ತಿಟ್ಟರು. "ಒಳ್ಳೇ ಮನುಷ್ಯ ಗುಮಾಸ್ತರೇ. ಅದೇ ಕಷ್ಟ" ಅಂದರು.

ಸಾಕ್ಷಿಯ ದಿನ ಕೋರ್ಟ್ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಟೆಂಡರು ಗೌರವಕ್ಕೆ ಕಟಕಟೆಯೊಳಗೆ ಒಂದು ಕುರ್ಚಿ ಇಟ್ಟಿದ್ದ. ಲಾಯರಮ್ಮ ಅದನ್ನು ಎತ್ತಿ ಆಚೆ ಇಟ್ಟು ನಿಂತರು. ಎದುರು ವಕೀಲರು ಹಳೆಯ ಹುಲಿ, ನಮ್ಮ ಲಾಯರಮ್ಮನ ಜೊತೆ ನೂರು ಕೇಸು ಕಾದಾಡಿದವರು. ಅವತ್ತು ಅವರ ಮುಖದಲ್ಲಿ ಹಬ್ಬದ ಕಳೆ.

"ಈ ದಾವೆಯಲ್ಲಿ ತಾವು ವಾದಿಯ ವಕೀಲರಾಗಿದ್ರಿ. ಹೌದೋ, ಅಲ್ಲವೋ?"

"ಹೌದು."

"ಸೋಲ್ತೀವಿ ಅಂತ ಗೊತ್ತಾಗಿ ವಕೀಲಿಕೆ ಬಿಟ್ಟು ಸಾಕ್ಷಿಯಾಗಿದ್ದೀರಿ?"

"ಅಲ್ಲ. ಗೆದ್ದಿದ್ದಕ್ಕೆ ಬಿಡಬೇಕಾಯ್ತು."

ಹಾಲಿನಲ್ಲಿ ನಗು. ನ್ಯಾಯಾಧೀಶರು ಪೆನ್ನು ಮೇಜಿಗೆ ಕುಟ್ಟಿದರು.

"ಓಟಿಗಾಗಿ ಈ ಸಾಕ್ಷಿ ಹೇಳ್ತಿದ್ದೀರಿ ಅಂತ ನಾನು ಹೇಳ್ತೀನಿ."

"ಆ ಊರಲ್ಲಿ ಓಟು ಜಾಸ್ತಿ ಇರೋದು ನಿಮ್ಮ ಕಕ್ಷಿದಾರರ ಕಡೆ ಸ್ವಾಮಿ."

ಹುಲಿ ಸ್ವಲ್ಪ ಹೊತ್ತು ಕಾಗದ ತಿರುವಿತು. ಆಮೇಲೆ ನಿಧಾನವಾಗಿ, ತನ್ನ ದೊಡ್ಡ ಬಾಣವನ್ನು ಹೊರಗೆ ತೆಗೆಯಿತು. "ಆ ಊರಿನ ಪದ್ಧತಿಯಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗೋದಿಲ್ಲ. ಸರಿ ತಾನೇ?"

"ಸರಿ."

"ಹಾಗಾದ್ರೆ ತಾವು ಸ್ಮಶಾನಕ್ಕೆ ಹೋಗೇ ಇಲ್ಲ!"

"ಹೋಗಿಲ್ಲ. ನನ್ನ ಪ್ರಮಾಣಪತ್ರದಲ್ಲೂ ಹಾಗಂತ ಬರೆದಿಲ್ಲ, ಓದಿ ನೋಡಿ. ಹೆಂಗಸರು ಚಟ್ಟ ಇಳಿಸೋ ಕಲ್ಲಿನ ತನಕ ಹೋಗಿ ತಿರುಗ್ತಾರೆ. ನಾನು ತಿರುಗಿದ್ದೂ ಅಲ್ಲಿಂದಲೇ. ಆ ಕಲ್ಲು ಈಗ ನಿಮ್ಮ ಕಕ್ಷಿದಾರರ ಪಂಪ್‌ಹೌಸಿನ ಬಾಗಿಲಲ್ಲಿ ಮೆಟ್ಟಿಲಾಗಿದೆ. ಎತ್ತಲಾಗದ ಕಲ್ಲು, ಹಾಗಾಗಿ ಅದರ ಪಕ್ಕಕ್ಕೇ ಪಂಪ್‌ಹೌಸ್ ಕಟ್ಟಿದ್ದಾರೆ. ಒಂದು ಮೂಲೆ ಒಡೆದಿದೆ. ಹೊಲದ ನಟ್ಟನಡುವೆ ಇರೋ ಆ ಕಲ್ಲಿನ ತನಕ ಹೆಂಗಸರು, ಮಕ್ಕಳು, ಇಡೀ ಕಾಲೊನಿ ಬಂದು ನಿಂತಿತ್ತು. ಅಷ್ಟು ಜನ ದಾರಿ ಇಲ್ಲದೆ ಬರಲಿಲ್ಲ. ಅಲ್ಲಿಂದ ಮುಂದಕ್ಕೆ ನಾನು ನೋಡಿಲ್ಲ."

ಎದುರು ವಕೀಲರು ಕುಳಿತುಕೊಂಡರು. ನನ್ನ ಪಕ್ಕದಲ್ಲಿದ್ದ ಅಜ್ಜಿ ನನ್ನ ತೋಳು ಹಿಡಿದು, "ಏನಂದ್ರು? ಗೆದ್ವಾ?" ಅಂದಳು. ನಾನು ಅಳುತ್ತಿದ್ದೆ. ನಾನು ಟೈಪು ಮಾಡಿದ್ದ ಮೊದಲಿನ ಸಾಲೇ ಉಳಿದಿದ್ದರೆ ಆ ಒಂದೇ ಪ್ರಶ್ನೆಗೆ ಲಾಯರಮ್ಮ ಸುಳ್ಳುಗಾರ್ತಿಯಾಗಿ, ಅಜ್ಜಿಯ ದಾರಿ ಅಲ್ಲೇ ಮುಚ್ಚಿಹೋಗುತ್ತಿತ್ತು.

ನ್ಯಾಯಾಧೀಶರು ಸ್ಥಳ ನೋಡಿಬರಲು ಒಬ್ಬ ವಕೀಲರನ್ನು ಕಮಿಷನರಾಗಿ ಕಳಿಸಿದರು. ಅವರು ಹೋಗಿ ಕಲ್ಲು ನೋಡಿ, ಮೂಲೆ ಒಡೆದಿದ್ದೂ ನೋಡಿ, ಅದು ಮೊಳಗಟ್ಟಲೆ ನೆಲದೊಳಗೆ ಹೂತಿದೆ, ಇತ್ತೀಚೆಗೆ ತಂದಿಟ್ಟದ್ದಲ್ಲ ಎಂದು ವರದಿ ಕೊಟ್ಟರು. ತೀರ್ಪು ಅಜ್ಜಿಯ ಕಡೆಗಾಯಿತು.

ಗೆದ್ದ ಮೇಲೂ ನಮಗೆ ನಿದ್ದೆಯಿಲ್ಲ. ಮೇಲಿನ ಕೋರ್ಟಿಗೆ ಹೋದರೆ ಇನ್ನೊಂದು ಹತ್ತು ವರ್ಷ. ಅಜ್ಜಿಗೆ ಅಷ್ಟು ಆಯುಸ್ಸೆಲ್ಲಿ? ಅಪೀಲಿನ ಗಡುವು ಮುಗಿಯುವ ವಾರದಲ್ಲಿ ಯಜಮಾನರು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ ನನಗೆ ಎದುರಾದರು. ತಪ್ಪಿಸಿಕೊಳ್ಳೋಣ ಅಂತ ನೋಡಿದೆ, ಅವರೇ ಕರೆದರು.

"ಏನಯ್ಯ ಗುಮಾಸ್ತ, ಯಾಕೆ ಹಂಗೆ ಜಾರ್ಕೊತೀಯ? ಅಪೀಲು ಹಾಕ್ತಿಲ್ಲ ಅಂತ ಹೇಳು ನಿಮ್ಮಮ್ಮಂಗೆ. ಆ ದಿನ ನಾನೂ ಹಿಂದಿನ ಬೆಂಚಲ್ಲಿ ಕೂತಿದ್ದೆ. ಸ್ಮಶಾನದ ತನಕ ಕಂಡೆ ಅಂತ ಒಂದು ಮಾತು ಹೆಚ್ಚಿಗೆ ಆಡಿದ್ರೆ ಹೈಕೋರ್ಟ್ ಅಲ್ಲ, ಡೆಲ್ಲಿಗೂ ಹೋಗ್ತಿದ್ದೆ. ಆಡಲಿಲ್ಲ." ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಓಟಿನ ಮಾತು ಬೇರೆ. ಅದನ್ನೂ ಹೇಳು."

ಹೇಳಿದೆ. "ಬೇರೆಯೇ ಇರಲಿ" ಅಂದರು ಲಾಯರಮ್ಮ.

ಸರ್ವೆಯವರು ಬಂದು ಅಳೆದು, ಪಾಲಿಹೌಸಿನ ಪಕ್ಕಕ್ಕೆ ಬೇಲಿ ಸರಿಸಿದರು. ದಾರಿ ಬಿಟ್ಟ ಮೇಲೆ ಒಂದು ಬೆಳಗ್ಗೆ ಅಜ್ಜಿ ಲಾಯರಮ್ಮನಿಗೆ ಹೇಳಿಕಳಿಸಿದಳು, ನನ್ನನ್ನೂ ಕರೆದಳು. ಕಾರು ಊರ ಬಾಗಿಲಲ್ಲೇ ಬಿಟ್ಟು ನಡೆದುಹೋದೆವು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಲಾಯರಮ್ಮನ ತೋಳು ಹಿಡಿದು ಅಜ್ಜಿ ಕಲ್ಲಿನ ತನಕ ಬಂದಳು. ಸೆರಗಿನಿಂದ ಧೂಳು ಒರೆಸಿ ಅದರ ಮೇಲೆಯೇ ಕೂತಳು. ಎದುರಿಗೆ ಕೆರೆ ಏರಿ, ಅದರಾಚೆ ನಾಲ್ಕಾರು ಹೊಂಗೆ ಮರ. ಅವಳ ಗಂಡ ಮಲಗಿರೋದು ಅಲ್ಲೇ.

"ಮುಂದಕ್ಕೆ ಬರ್ತೀರಾ ಅಜ್ಜಿ? ಯಾರೂ ಏನೂ ಅನ್ನಲ್ಲ. ನೋಡ್ಕೊಂಡು ಬರೋಣ" ಅಂದರು ಲಾಯರಮ್ಮ.

ಅಜ್ಜಿ ಮರಗಳನ್ನೇ ನೋಡುತ್ತಿದ್ದಳು. "ಬ್ಯಾಡ ಕಣವ್ವ. ನನ್ ಪಾಳಿ ಬಂದಾಗ ಹೋಯ್ತೀನಿ. ದಾರಿ ಐತಲ್ಲ, ಇನ್ನೇನು ಅವಸರ?" ಅಂದವಳು ನನ್ನ ಕಡೆ ತಿರುಗಿ, "ನೀನ್ಯಾಕ್ಲಾ ಮೂತಿ ಹಿಂಗ್ ಮಾಡ್ಕೊಂಡಿದ್ದೀಯ? ಸತ್ತಿರೋದು ಯಾರೂ ಇಲ್ಲ ಇಲ್ಲಿ. ಎದ್ದೇಳಿಸು ನನ್ನ. ಮನೇಲಿ ಅವರೆಕಾಳಿನ ಸಾರು ಮಾಡ್ಸೀನಿ, ಮುದ್ದೆ ಆರೋಗ್ತದೆ" ಎಂದು ಕೈ ಚಾಚಿದಳು.